ಹಳೆ ಹೋಮ್ ಥಿಯೇಟರ್ ಬದಲಿಸಿ ಸಂಗೀತಕ್ಕೆ ಒಳ್ಳೆ ಸೆಟ್ ಹಾಕಬೇಕು: 12×14 ಅಡಿ ಹಾಲ್, 70 ಸಾವಿರದೊಳಗೆ

ಸಾಗರದಾಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಡಿವಿಡಿ ಪ್ಲೇಯರ್ ಜೊತೆಗೇ ಬಂದ ಹಳೆ 5.1 ಹೋಮ್ ಥಿಯೇಟರ್ ಇದೆ. ಅಂಗೈಯಗಲದ ಐದು ಸ್ಪೀಕರ್, ಮೂಲೆಯಲ್ಲೊಂದು ವೂಫರ್, ಅಂದರೆ ತಗ್ಗು ಸದ್ದಿನ ಸ್ಪೀಕರ್. ಸಿನಿಮಾಕ್ಕೆ ಪರವಾಗಿಲ್ಲ. ಆದರೆ ನಮ್ಮ ಮಾವ ದಿನಾ ಬೆಳಿಗ್ಗೆ ಕರ್ನಾಟಕ ಸಂಗೀತ ಕೇಳುತ್ತಾರೆ, ಸಂಜೆ ಯಕ್ಷಗಾನ. ಅವರಿಗೆ ಇದು ಸ್ವಲ್ಪವೂ ಹಿಡಿಸುತ್ತಿಲ್ಲ. "ಹಾಡುವವರು ಮೇಲೆ ಹೋದರೆ ಗೋಡೆಯಿಂದ ಕೇಳಿಸುತ್ತೆ, ಕೆಳಗೆ ಇಳಿದರೆ ಮೂಲೆಯಿಂದ ಕೇಳಿಸುತ್ತೆ" ಅಂತಾರೆ. ಟಿವಿಯಲ್ಲಿ ಮಾತೂ ಸರಿಯಾಗಿ ತಿಳಿಯುವುದಿಲ್ಲ ಅಂತ ದೂರು.

ಹಾಲ್ 12×14 ಅಡಿ, ಆರ್‌ಸಿಸಿ ತಾರಸಿ, ಟೈಲ್ಸ್ ನೆಲ. ಒಂದು ಕಡೆ ಶೋಕೇಸ್, ಎದುರಿಗೆ ಸೋಫಾ. ಮಳೆಗಾಲದಲ್ಲಿ ಕರೆಂಟು ಹೋಗುವುದು, ಸಿಡಿಲು, ಎಲ್ಲಾ ಇದೆ. ಬಜೆಟ್ 70 ಸಾವಿರ. ಅಂಗಡಿಯವರು ಟಿವಿ ಕೆಳಗಿಡುವ ಉದ್ದನೆಯ ಸೌಂಡ್‌ಬಾರ್ ತಗೊಳ್ಳಿ ಅಂತಾರೆ, ಪರಿಚಯದವರು ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್ ಅಂತಾರೆ. ಯಾವುದಕ್ಕೆ ದುಡ್ಡು ಹಾಕಬೇಕು, ಎಲ್ಲಿಂದ ಶುರು ಮಾಡಬೇಕು, ತಿಳಿದವರು ಹೇಳಿ.

ಜಯನಗರವಾಸಿ

ಮೇಡಂ, ನಿಮ್ಮ ಮಾವನ ಕಿವಿ ಬಹಳ ಚೆನ್ನಾಗಿದೆ. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಲೆಕ್ಕ ಹಾಕಿ ತೋರಿಸುತ್ತೇನೆ.

ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಕಡಿಮೆ ಆದಷ್ಟೂ ಸ್ವರ ತಗ್ಗು. ಅಷ್ಟು ಚಿಕ್ಕ ಸ್ಪೀಕರ್‌ಗಳಿಗೆ ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೊರಡಿಸುವ ಶಕ್ತಿ ಇರುವುದಿಲ್ಲ. ಹಾಗಾಗಿ ಅದಕ್ಕಿಂತ ಕೆಳಗಿನದನ್ನೆಲ್ಲ ಮೂಲೆಯ ವೂಫರ್‌ಗೆ ಕಳಿಸುತ್ತಾರೆ. ಈಗ ಒಂದೂವರೆ ಮನೆ ಶ್ರುತಿಯಲ್ಲಿ ಹಾಡುವ ಗಾಯಕರನ್ನು ತಗೊಳ್ಳಿ. ಅವರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ಮಂದ್ರ ಪಂಚಮಕ್ಕೆ ಇಳಿದರೆ 104. ಅಂದರೆ ಅವರು ಷಡ್ಜದ ಆಸುಪಾಸಿನಲ್ಲಿ ಓಡಾಡುವಾಗಲೆಲ್ಲ ದನಿಯ ಬುಡ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಸ್ವರದ ಜೊತೆಗೇ ಮೂಡುವ ಮೇಲಿನ ಅನುಸ್ವರಗಳು ಮಾತ್ರ ಗೋಡೆಯ ಮೇಲೇ ಉಳಿಯುತ್ತವೆ. ಒಬ್ಬರ ಗಂಟಲನ್ನು ಎರಡು ಕಡೆ ಹಂಚಿದರೆ ಹಾಡು ಹೇಗೆ ಚೆನ್ನಾಗಿರುತ್ತೆ?

ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದು ಕಷ್ಟ. ಅಲ್ಲಿ ವೂಫರ್‌ಗೆ ಒಪ್ಪಿಸಿದರೆ ತೊಂದರೆ ಇಲ್ಲ. 150ರಲ್ಲಿ ಒಪ್ಪಿಸಿದರೆ ಖಂಡಿತ ಗೊತ್ತಾಗುತ್ತೆ. ಅನೇಕ ಸೌಂಡ್‌ಬಾರ್‌ಗಳಲ್ಲೂ ಇದೇ ಕಥೆ. ಬಾರ್ ತೆಳ್ಳಗಿರುವುದರಿಂದ ಅದರೊಳಗೆ ಕೂರುವುದೂ ಚಿಕ್ಕ ಸ್ಪೀಕರ್‌ಗಳೇ.

ನಿಮಗೆ ಬೇಕಾಗಿರುವುದು ಐದು ಸ್ಪೀಕರ್ ಅಲ್ಲ, ಎರಡು. ಆದರೆ ಒಂದೊಂದರಲ್ಲೂ ಆರು ಅಥವಾ ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡಿನ ಮೇಲಿಡುವ ಚಿಕ್ಕ ಪೆಟ್ಟಿಗೆಯದ್ದು. ಅವು 50–60 ಹರ್ಟ್ಸ್‌ವರೆಗೆ ಸಲೀಸಾಗಿ ಇಳಿಯುತ್ತವೆ. ಇಡೀ ಕಂಠ ಒಂದೇ ಕಡೆಯಿಂದ ಬರುತ್ತದೆ.

ಧಾರವಾಡ ಮಳೆ

ಜಯನಗರದವರು ಬರೋಬ್ಬರಿ ಹೇಳಿದ್ದಾರೆ. ಆದರೆ ಅಕ್ಕಾರ, ಖರೀದಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡ್ರಿ. ಹಾಲ್ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆ "ಟರ್ರ್" ಅಂತ ಒಂದು ಬಾಲ ಕೇಳಿಸಿದರೆ ಅರ್ಧ ದೂರು ನಿಮ್ಮ ಸೆಟ್‌ದಲ್ಲ, ಕೋಣೆಯದು. ಎದುರುಬದುರು ಬೋಳು ಗೋಡೆ, ಕೆಳಗೆ ಟೈಲ್ಸ್, ಮೇಲೆ ಕಾಂಕ್ರೀಟು. ಸದ್ದು ಹೋಗುವುದಾದರೂ ಎಲ್ಲಿಗೆ? ಮಾತಿನ ವ್ಯಂಜನಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಟಿವಿ ಮಾತು ತಿಳಿಯದಿರಲು ಇದೂ ಕಾರಣ.

ನಮ್ಮ ಮನೆಯಲ್ಲಿ ನವಲಗುಂದದ ಜಮಖಾನ ಹಾಸಿದೆವು. ಮೇಲಿನ ಸ್ವರಗಳ ಚುಚ್ಚಾಟ ಕಡಿಮೆ ಆಯಿತು. ಮಾತಿನ ಭಾಗಕ್ಕೆ ಅದೊಂದೇ ಸಾಲಲಿಲ್ಲ. ಆಮೇಲೆ ಹಳೆಯ ಹತ್ತಿ ಗಾದಿ ಎರಡನ್ನು ಗೋಡೆಗೆ ನಿಲ್ಲಿಸಿ, ಮುಂದೆ ಪರದೆ ಬಿಟ್ಟೆವು. ತಂಬೂರಿಯ ಜವಾರಿ ಅಂದರೆ ಏನು ಅಂತ ಆವತ್ತು ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ಒಂದೇ ತಂತಿಯೊಳಗೆ ಸ್ವರಗಳು ಒಂದರ ಹಿಂದೊಂದು ಅರಳಿ ಹೋಗುವುದು ಕೇಳಿಸತೊಡಗಿತು. ಮೊದಲು ಅದು ಬರೀ ಗುಂಯ್ ಅಂತಿತ್ತು.

ಜಯನಗರವಾಸಿ

ಗಾದಿ ಯಾಕೆ ಕೆಲಸ ಮಾಡಿತು ಅಂತ ಹೇಳಬೇಕು. ಸದ್ದನ್ನು ಹೀರಬೇಕಾದರೆ ಬಟ್ಟೆಗೆ ದಪ್ಪ ಬೇಕು. 1000 ಹರ್ಟ್ಸ್ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅದನ್ನು ಚೆನ್ನಾಗಿ ಹೀರಲು ಅದರ ನಾಲ್ಕನೇ ಒಂದು ಭಾಗ, ಅಂದರೆ ಎಂಟೂವರೆ ಸೆಂಟಿಮೀಟರ್ ದಪ್ಪ ಇದ್ದರೆ ಒಳ್ಳೆಯದು. ಜಮಖಾನ ತೆಳು, ಗಾದಿ ದಪ್ಪ. ಪರದೆಯನ್ನೂ ಗೋಡೆಗೆ ಅಂಟಿಸದೆ ಸ್ವಲ್ಪ ಮುಂದೆ, ನೆರಿಗೆ ಜಾಸ್ತಿ ಬಿಟ್ಟು ಹಾಕಿದರೆ ಹೆಚ್ಚು ಉಪಯೋಗ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ, ಮೇಲಾಗಿ ಬೆಂಕಿಯ ಭಯ.

ಇನ್ನು ನಿಮ್ಮ ಹಾಲ್‌ನ ಅಳತೆ. 14 ಅಡಿ ಉದ್ದದ ಕೋಣೆ ಸುಮಾರು 40 ಹರ್ಟ್ಸ್‌ನಲ್ಲಿ ಮೊಳಗುತ್ತದೆ, 12 ಅಡಿ ಅಗಲ 47ರಲ್ಲಿ. ಗಾಯನಕ್ಕೆ ಇವು ಅಷ್ಟು ಅಡ್ಡ ಬರುವುದಿಲ್ಲ. ಮೃದಂಗದ ಎಡ ಭಾಗ, ಸಿನಿಮಾ ಹಾಡಿನ ಬೇಸ್ ಗಿಟಾರ್ ಇದ್ದಾಗ ಗೊತ್ತಾಗುತ್ತೆ. ಸ್ಪೀಕರನ್ನು ಮೂಲೆಗೆ ತಳ್ಳಿದಷ್ಟೂ ಈ ಮೊಳಗು ಹೆಚ್ಚು. 10×10×10 ಅಡಿ ಕೋಣೆ ಇರುವವರು ಇದನ್ನು ಓದುತ್ತಿದ್ದರೆ ಇನ್ನೂ ಹುಷಾರಾಗಿರಿ. ಅಲ್ಲಿ ಉದ್ದ, ಅಗಲ, ಎತ್ತರ ಮೂರೂ ಸೇರಿ 56 ಹರ್ಟ್ಸ್ ಒಂದನ್ನೇ ಎತ್ತಿಹಿಡಿಯುತ್ತವೆ. ಅಂಥ ಕೋಣೆಗೆ ದೊಡ್ಡ ಟವರ್ ತಂದರೆ ದುಡ್ಡು ಕೊಟ್ಟು ಗುಂಯ್‌ಗುಡುವುದನ್ನು ಕೊಂಡ ಹಾಗೆ.

ಕುಂದಾಪ್ರದ ಚೆಂಡೆ

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು ಹೇಳಲೇಬೇಕು. ಸ್ಪೀಕರ್ ಕೊಳ್ಳುವಾಗ ಕೋನ್‌ನ (ಮುಂದೆ ಕಂಪಿಸುವ ಬಟ್ಟಲಿನಂಥ ಭಾಗ) ಸುತ್ತ ಇರುವ ಪಟ್ಟಿ ನೋಡಿ. ಸ್ಪಂಜಿನದ್ದೋ, ರಬ್ಬರಿನದ್ದೋ? ಸ್ಪಂಜು ಹತ್ತು ಹದಿನೈದು ವರ್ಷಕ್ಕೆ ತಾನಾಗಿಯೇ ಪುಡಿಯಾಗುತ್ತದೆ, ನಮ್ಮ ತೇವದಲ್ಲಿ ಇನ್ನೂ ಬೇಗ. ಬೆರಳು ತಾಗಿಸಿದರೆ ಒದ್ದೆ ಬ್ರೆಡ್ಡಿನ ಹಾಗೆ ಉದುರುತ್ತೆ. ರಬ್ಬರ್ ಪಟ್ಟಿ ಬಹಳ ಕಾಲ ಬರುತ್ತೆ.

ಸೆಕೆಂಡ್ ಹ್ಯಾಂಡ್ ನೋಡುವವರು ಇದನ್ನು ಮೊದಲು ಪರೀಕ್ಷಿಸಿ. ಎರಡೂ ಕೈಯ ಬೆರಳು ಇಟ್ಟು ಕೋನನ್ನು ನಿಧಾನಕ್ಕೆ, ಸಮವಾಗಿ ಒಳಗೆ ಒತ್ತಿ. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರಬೇಕು. ಒಳಗೆ ಕರಕರ ಅಂತ ಉಜ್ಜಿದ ಸದ್ದು ಬಂದರೆ ಕೋನನ್ನು ಅಲುಗಿಸುವ ತಂತಿ ಸುರುಳಿ (ವಾಯ್ಸ್ ಕಾಯಿಲ್) ಪಕ್ಕಕ್ಕೆ ಸರಿದಿದೆ ಅಂತ ಅರ್ಥ. ಅಂಥದ್ದು ಬೇಡವೇ ಬೇಡ.

ಸಿಡಿಲಿಗೆ ಸ್ಟೆಬಿಲೈಜರ್ ರಕ್ಷಣೆ ಅಂತ ನಂಬಬೇಡಿ. ಪ್ಲಗ್ ಕಿತ್ತಿಡಿ. ಪವರ್ ಪ್ಲಗ್ ಮಾತ್ರ ಅಲ್ಲ, ಕೇಬಲ್ ಟಿವಿ ವೈರ್, ಇಂಟರ್ನೆಟ್ ವೈರ್ ಎರಡನ್ನೂ. ನಮ್ಮ ಮನೆಯ ಹಳೇ ಆಂಪ್ಲಿಫೈಯರ್ ಹೋಗಿದ್ದು ಕೇಬಲ್ ವೈರಿನಿಂದ ಬಂದ ಸಿಡಿಲಿಗೆ. ಪವರ್ ಪ್ಲಗ್ ತೆಗೆದೇ ಇಟ್ಟಿತ್ತು.

ಇನ್ನೊಂದು, ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಆದರೆ ಕರೆಂಟು ಹೋದಾಗ ಸ್ಪೀಕರ್‌ನಲ್ಲಿ ಝುಂ ಅಂತ ಬರಬಹುದು. ಸೈನ್ ವೇವ್ ಇನ್ವರ್ಟರಿಗೆ ಆ ರಗಳೆ ಇಲ್ಲ.

ಸನಿವೇಲ್ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೀಕರ್, ಆಂಪ್ಲಿಫೈಯರ್ ಒಳ್ಳೆ ಬೆಲೆಗೆ ಸಿಗುತ್ತವೆ. ಊರಿಗೆ ಬರುವಾಗ ಯಾರಿಗಾದರೂ ತರಬಹುದಲ್ಲ ಅಂತ ಅನೇಕರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಆಂಪ್ಲಿಫೈಯರ್ ಇಲ್ಲದ ಬರೀ ಸ್ಪೀಕರ್ ಆದರೆ ತರಬಹುದು. ಅದಕ್ಕೆ ಗೋಡೆಯ ಕರೆಂಟಿನ ಸಂಬಂಧವೇ ಇಲ್ಲ. ಆಂಪ್ಲಿಫೈಯರ್ ಆದರೆ ಹಿಂದಿನ ಚೀಟಿ ನೋಡಬೇಕು. 100–240 ವೋಲ್ಟ್ ಅಂತ ಬರೆದಿದ್ದರೆ ಸರಿ. 120 ವೋಲ್ಟ್ ಮಾತ್ರ ಅಂತ ಇದ್ದರೆ ನಮ್ಮ 230ಕ್ಕೆ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತೆ, ಆದರೆ ನಮ್ಮ ಕರೆಂಟಿನ 50 ಹರ್ಟ್ಸ್ ಅಲ್ಲಿಯ 60 ಆಗುವುದಿಲ್ಲ.

ರೆಕಾರ್ಡ್ ಪ್ಲೇಯರ್ ತರುವವರಿಗೆ ಇದು ಮುಖ್ಯ. ಎಸಿ ಸಿಂಕ್ರನಸ್ ಮೋಟಾರಿನ ಪ್ಲೇಯರ್ ಕರೆಂಟಿನ ಹರ್ಟ್ಸ್ ನೋಡಿಕೊಂಡು ತಿರುಗುತ್ತದೆ. ಅಲ್ಲಿಯ 33⅓ ಸುತ್ತು ಇಲ್ಲಿ ಸುಮಾರು 28 ಆಗುತ್ತದೆ. ಶ್ರುತಿಯೇ ಕೆಳಗೆ ಬಿದ್ದುಹೋಗುತ್ತೆ. ಡಿಸಿ ಮೋಟಾರಿನದ್ದಾದರೆ ಅಡಾಪ್ಟರ್ ಬದಲಿಸಿದರೆ ಸಾಕು.

ಸಾಗರದಾಕೆ

ಇಷ್ಟೊಂದು ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಚಪ್ಪಾಳೆ ಹೊಡೆದು ನೋಡಿದೆವು. ಬಾಲ ಚೆನ್ನಾಗಿಯೇ ಕೇಳಿಸಿತು! ಮಾವನೂ ಬಂದು ಹೊಡೆದು ನೋಡಿದರು. ರೆಕಾರ್ಡ್ ಪ್ಲೇಯರ್ ಸದ್ಯಕ್ಕೆ ಬೇಡ, ನಮ್ಮಲ್ಲಿ ಎಲ್‌ಪಿ ಇಲ್ಲ.

ಈಗ ಎರಡು ಪ್ರಶ್ನೆ. ಎಷ್ಟು ವ್ಯಾಟ್ ಬೇಕು? ಅಂಗಡಿಯಲ್ಲಿ ಒಂದರ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದಿತ್ತು, ಇನ್ನೊಂದರ ಮೇಲೆ ಬರೀ 50. ಬೆಲೆ ಮಾತ್ರ 50ರದ್ದೇ ಜಾಸ್ತಿ. ಆಮೇಲೆ, ಅಂಗಡಿಯಲ್ಲಿ ಕೇಳಿ ಆರಿಸುವುದು ಹೇಗೆ? ಎಲ್ಲವೂ ಅಲ್ಲಿ ಚೆನ್ನಾಗೇ ಕೇಳಿಸುತ್ತವೆ.

ಜಯನಗರವಾಸಿ

ಸಾವಿರಗಟ್ಟಲೆ ಬರೆದಿರುವುದು ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಹೇಳಿಕೊಳ್ಳುವ ಅಂಕಿ. ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ, ಯಾರು ಎಷ್ಟು ಬೇಕಾದರೂ ಬರೆಯಬಹುದು. ಸತತವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ವ್ಯಾಟ್ ಮಾತ್ರ ನೋಡಿ. ಅದೂ ಎಷ್ಟು ಓಮ್‌ಗೆ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆ), ಎಡ ಬಲ ಎರಡೂ ಚಾನಲ್ ಒಟ್ಟಿಗೆ ಓಡುವಾಗಲೋ ಅಂತ ಕೇಳಿ.

ಸ್ಪೀಕರಿನ ಹಿಂದೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ. ಡೆಸಿಬಲ್ ಅನ್ನುವುದು ಸದ್ದಿನ ಜೋರಿನ ಅಳತೆ. 86 ಡೆಸಿಬಲ್ ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ನಿಮ್ಮ ಸೋಫಾ ಸುಮಾರು ಮೂರು ಮೀಟರ್ ದೂರ ಇರಬಹುದು. ಅಲ್ಲಿ ಎರಡು ಸ್ಪೀಕರ್ ಸೇರಿ ಒಂದೊಂದು ವ್ಯಾಟಿಗೇ 80ರ ಹತ್ತಿರ ಬರುತ್ತದೆ. ಮನೆಯಲ್ಲಿ ಕೇಳಲು ಅದು ಜೋರೇ. ಉಳಿದ ವ್ಯಾಟ್ ಬೇಕಾಗುವುದು ಮೃದಂಗದ ಪೆಟ್ಟು, ಚೆಂಡೆಯ ಹುಯ್ಲಿಗೆ. ಆ ಗಳಿಗೆಯಲ್ಲಿ ಸದ್ದು 10 ಡೆಸಿಬಲ್ ಮೇಲಕ್ಕೆ ಹಾರಿದರೆ ಹತ್ತು ಪಟ್ಟು ವ್ಯಾಟ್ ಬೇಕು. 3 ಡೆಸಿಬಲ್ ಹಾರಿದರೂ ಎರಡು ಪಟ್ಟು. ಹಾಗಾಗಿ 50–60 ನಿಜವಾದ ವ್ಯಾಟ್ ಇದ್ದರೆ ನಿಮ್ಮ ಹಾಲ್‌ಗೆ ಧಾರಾಳ. 50ರಿಂದ 100ಕ್ಕೆ ಹೋದರೆ ಸಿಗುವುದು ಅದೇ 3 ಡೆಸಿಬಲ್. ಅದಕ್ಕಾಗಿ ಇಪ್ಪತ್ತು ಸಾವಿರ ಹೆಚ್ಚು ಕೊಡುವುದು ಬೇಡ.

ನನ್ನ ಲೆಕ್ಕದಲ್ಲಿ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಹೋಗಬೇಕು. ಆಂಪ್ಲಿಫೈಯರ್‌ಗಳ ನಡುವೆ ಇರುವ ವ್ಯತ್ಯಾಸ ಸ್ಪೀಕರ್‌ಗಳ ನಡುವಿನ ವ್ಯತ್ಯಾಸದ ಮುಂದೆ ಬಹಳ ಚಿಕ್ಕದು. ವೈರಿಗಂತೂ ಹೆಚ್ಚು ಸುರಿಯಲೇಬೇಡಿ. ಮನೆ ವೈರಿಂಗಿಗೆ ಬಳಸುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಹದಿನೈದು ಅಡಿ ದೂರಕ್ಕೆ ಸಾಕು. ಹೋಗಿ ಬರುವ ದಾರಿ ಸೇರಿ ಅದರ ರೆಸಿಸ್ಟೆನ್ಸ್ ಸುಮಾರು 0.1 ಓಮ್. ಸ್ಪೀಕರಿನದು 8 ಓಮ್. ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆಯಲ್ಲಿ ವೈರು, ಬನಾನಾ ಪ್ಲಗ್ ಎಲ್ಲ ಒಂದೇ ಕಡೆ ಸಿಗುತ್ತವೆ.

ಧಾರವಾಡ ಮಳೆ

ಆರಿಸುವ ಬಗ್ಗೆ ನಾನು ಹೇಳುತ್ತೇನೆ. ಅಂಗಡಿಯವರು ಹಾಕುವ ಹಾಡಿನಿಂದ ನಿರ್ಧಾರ ಮಾಡಬೇಡ್ರಿ. ಆ ಹಾಡುಗಳನ್ನು ಸೆಟ್ ಚೆನ್ನಾಗಿ ಕೇಳಿಸಲಿ ಅಂತಲೇ ಆರಿಸಿರುತ್ತಾರೆ. ಮಾವನವರು ನೂರಾರು ಸಲ ಕೇಳಿದ ರೆಕಾರ್ಡಿಂಗ್ ಒಯ್ಯಿರಿ, ಮಾವನವರನ್ನೂ ಕರೆದುಕೊಂಡು ಹೋಗ್ರಿ. ತಂಬೂರಿ ಹಾಡಿನ ಹಿಂದೆ ಸತತವಾಗಿ ಕೇಳಿಸುತ್ತದೋ, ಗಾಯಕರು ಜೋರಾಗಿ ಹಾಡಿದಾಗ ಮುಳುಗಿಹೋಗುತ್ತದೋ? ಮೃದಂಗದ ಬಲ ಭಾಗದ ಕರಣೆಯ ನಾದಕ್ಕೂ ಎಡದ ಗುಮ್ಮಿಗೂ ಬೇರೆ ಬೇರೆ ಮೈ ಇದೆಯೋ? "ಸ", "ಶ" ಬಂದಾಗ ಕಿವಿ ಚುಚ್ಚುತ್ತದೋ? ಅರ್ಧ ಗಂಟೆ ಕೂತು ಕೇಳ್ರಿ. ಮೊದಲ ಐದು ನಿಮಿಷ ಮಿಂಚುವ ಸ್ಪೀಕರ್ ಎಷ್ಟೋ ಸಲ ಅರ್ಧ ಗಂಟೆಗೆ ತಲೆನೋವು ತರುತ್ತದೆ.

ಸ್ಪೀಕರ್ ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಅಂತ ತೋರಿಸುವ ಗ್ರಾಫ್ ಇರುತ್ತವೆ, ನಾನಂತೂ ಅವನ್ನು ನೋಡಿ ಕೊಳ್ಳುವವನಲ್ಲ. ಮನ್ಸೂರರ ಧ್ವನಿ ಮನ್ಸೂರರ ಧ್ವನಿಯಾಗಿ ಕೇಳಿಸಬೇಕು. ನನಗೆ ಅಷ್ಟು ಸಾಕು.

ಜಯನಗರವಾಸಿ

ಧಾರವಾಡದ ಸರ್, ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಅಂತ ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದರು. ಸ್ಪೀಕರ್‌ಗಳನ್ನು ಪರದೆಯ ಹಿಂದೆ ಇಟ್ಟು, ಸದ್ದಿನ ಮಟ್ಟ ಸಮ ಮಾಡಿ ಜನರಿಗೆ ಕೇಳಿಸಿದರು. ಹೆಸರು, ಬೆಲೆ, ಅಂದ ಯಾವುದೂ ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಏರಿಳಿತ ಇಲ್ಲದೆ ಎಲ್ಲ ಸ್ವರವನ್ನೂ ಸಮವಾಗಿ ನುಡಿಸುವ ಸ್ಪೀಕರನ್ನೇ. ನೇರವಾಗಿ ಮಾತ್ರ ಅಲ್ಲ, ಪಕ್ಕಕ್ಕೆ ಹೊರಡುವ ಸದ್ದೂ ಸಮವಾಗಿರಬೇಕು. ಯಾಕೆಂದರೆ ಅದು ಗೋಡೆಗೆ ತಾಗಿ ನಮ್ಮ ಕಿವಿಗೇ ಬರುತ್ತದೆ. ಗ್ರಾಫ್ ಅಂದರೆ ಆ ಕಿವಿಗಳ ತೀರ್ಪೇ. ಈಗ ಅನೇಕ ಸ್ಪೀಕರ್‌ಗಳ ಇಂಥ ಅಳತೆಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸಾಗರದಲ್ಲಿ ಹತ್ತು ಸ್ಪೀಕರ್ ಕೇಳಿಸುವ ಅಂಗಡಿ ಎಲ್ಲಿ? ಗ್ರಾಫ್ ನೋಡಿ ಇಪ್ಪತ್ತನ್ನು ಮೂರಕ್ಕೆ ಇಳಿಸಿ. ಆ ಮೂರನ್ನು ಕೇಳಲು ಬೆಂಗಳೂರಿಗೆ ಬನ್ನಿ.

ಕೇಳುವಾಗ ಒಂದು ಹಟ ಹಿಡಿಯಿರಿ. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. ಒಂದು ಡೆಸಿಬಲ್ ಜೋರಿದ್ದರೂ ಅದೇ ಚೆನ್ನಾಗಿದೆ ಅನಿಸುತ್ತೆ. ಫೋನಿನಲ್ಲಿರುವ ಸದ್ದಳೆಯುವ ಆ್ಯಪ್ ಈ ಹೋಲಿಕೆಗೆ ಸಾಕು.

ಧಾರವಾಡ ಮಳೆ

ಪರದೆಯ ಹಿಂದಿನ ಪರೀಕ್ಷೆ ಒಪ್ಪುವಂಥದ್ದೇ. ಇಪ್ಪತ್ತನ್ನು ಮೂರಕ್ಕೆ ಇಳಿಸಲು ಗ್ರಾಫ್, ಮೂರರಲ್ಲಿ ಒಂದಕ್ಕೆ ಮಾವನವರ ಕಿವಿ. ಹಂಗ ಮಾಡೋಣ.

ಕುಂದಾಪ್ರದ ಚೆಂಡೆ

ಟವರ್ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಅದೇ ಬೆಲೆಗೆ ಟವರ್ ಕೊಟ್ಟರೆ ದೊಡ್ಡ ಪೆಟ್ಟಿಗೆಗೇ ಅರ್ಧ ದುಡ್ಡು ಹೋಗಿರುತ್ತೆ, ಒಳಗಿನ ಸ್ಪೀಕರಿಗೆ ಉಳಿಯುವುದು ಕಡಿಮೆ. ಚಿಕ್ಕ ಪೆಟ್ಟಿಗೆಯಿಂದ ಒಳ್ಳೆ ಕಂಠ ಬರುವುದಿಲ್ಲ ಅನ್ನುವುದೂ ಸರಿಯಲ್ಲ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂರಿಸಲು ಎಲ್‌ಎಸ್3/5ಎ ಅಂತ ಪುಟ್ಟ ಸ್ಪೀಕರ್ ಮಾಡಿದರು. ಮನುಷ್ಯರ ಮಾತು ಸರಿಯಾಗಿ ಕೇಳಿಸಬೇಕು ಅನ್ನುವುದೇ ಅದರ ಗುರಿ. ಇವತ್ತಿಗೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ.

ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರ್ ಕೂಡ ನೋಡಿ. ನಮ್ಮ ದೇಶದ್ದೇ ಬೇಕಾದರೆ ಕೋಲ್ಕತ್ತಾದ ಸೋನೋಡೈನ್ ಸ್ಟುಡಿಯೋ ಮಾನಿಟರ್‌ಗಳನ್ನೂ ಮಾಡುತ್ತದೆ. ಒಂದೊಂದಕ್ಕೂ ಪ್ಲಗ್ ಬೇಕು ಅನ್ನುವುದು ನೆನಪಿರಲಿ. ನಮ್ಮ ಕಡೆ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಅಂತಲೂ ಮೊದಲೇ ವಿಚಾರಿಸಿ.

ಸಾಗರದಾಕೆ

ಮತ್ತೆ ಬಂದೆ. ಬೆಂಗಳೂರಿಗೆ ಹೋಗಿ ಮಾವನಿಗೆ ಕೇಳಿಸಿಯೇ ತಂದೆವು. ಆರೂವರೆ ಇಂಚು ವೂಫರಿನ ಬುಕ್‌ಶೆಲ್ಫ್ ಜೋಡಿ, ರಬ್ಬರ್ ಪಟ್ಟಿಯದ್ದೇ. ಜೊತೆಗೆ 60 ವ್ಯಾಟಿನ ಸ್ಟೀರಿಯೋ ಆಂಪ್ಲಿಫೈಯರ್. ಅದಕ್ಕೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ಆಂಪ್ಲಿಫೈಯರಿಗೆ ತರುವ ವ್ಯವಸ್ಥೆ) ಇರುವುದರಿಂದ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಆಗುತ್ತೆ. ಇದು ಮಾವನಿಗೆ ಬಹಳ ಅನುಕೂಲ. ಎಲ್ಲಾ ಸೇರಿ 64 ಸಾವಿರ.

ಆದರೆ ಮನೆಯಲ್ಲಿ ಏನೋ ಸರಿಯಿಲ್ಲ. ಅಂಗಡಿಯಲ್ಲಿ ಗಾಯಕರು ಎದುರಿಗೇ ಕೂತ ಹಾಗಿತ್ತು. ಇಲ್ಲಿ ದನಿ ಎಲ್ಲೆಲ್ಲೋ ಹರಡಿದೆ, ಮೃದಂಗದಲ್ಲಿ ಗುಮ್ಮು ಇಲ್ಲ. ಸ್ಪೀಕರ್ ಸದ್ಯಕ್ಕೆ ಶೋಕೇಸಿನ ಎರಡು ಖಾನೆಯಲ್ಲಿವೆ. ವಾಪಸ್ ಕೊಡಬೇಕೇನೋ ಅಂತ ಮನೆಯಲ್ಲಿ ಮಾತಾಗುತ್ತಿದೆ.

ಜಯನಗರವಾಸಿ

ಸ್ವಲ್ಪ ತಾಳಿ ಮೇಡಂ, ವಾಪಸ್ ಕೊಡಬೇಡಿ. ಖಾನೆಯಲ್ಲಿಟ್ಟರೆ ಗುಮ್ಮು ಜಾಸ್ತಿ ಆಗಬೇಕಿತ್ತು. ಕಡಿಮೆ ಆಗಿದೆ, ಜೊತೆಗೆ ದನಿಯೂ ಹರಡಿದೆ ಅಂದರೆ ಒಂದು ಸ್ಪೀಕರಿಗೆ ವೈರು ತಿರುಗಾಮುರುಗಾ ಆಗಿರಬೇಕು. ಒಂದರ ಕೋನ್ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗುತ್ತಿರುತ್ತೆ. ಬೇಸ್ ಪರಸ್ಪರ ಹೊಡೆದುಹೋಗುತ್ತದೆ.

ಆಂಪ್ಲಿಫೈಯರ್ ಆಫ್ ಮಾಡಿ, ಎರಡು ಸ್ಪೀಕರಿನ ವೈರನ್ನೂ ಆಂಪ್ಲಿಫೈಯರ್ ಕಡೆಯಿಂದ ಬಿಚ್ಚಿ. ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ತಗೊಳ್ಳಿ. ಸ್ಪೀಕರಿನ ಹಿಂದಿನ ಕೆಂಪು ಕಂಬಕ್ಕೆ ಹೋಗುವ ವೈರಿನ ತುದಿಯನ್ನು ಸೆಲ್ಲಿನ ಪ್ಲಸ್‌ಗೂ, ಇನ್ನೊಂದನ್ನು ಮೈನಸ್‌ಗೂ ಒಂದು ಕ್ಷಣ ತಾಗಿಸಿ. "ಟಪ್" ಅಂತ ಕೋನ್ ಹೊರಗೆ ಬರಬೇಕು. ಎರಡರಲ್ಲೂ ನೋಡಿ. ಒಂದು ಒಳಗೆ ಹೋದರೆ ಅದರ ವೈರನ್ನು ಅದಲುಬದಲು ಮಾಡಿ.

ಆಮೇಲೆ ಶೋಕೇಸಿನಿಂದ ಹೊರಗೆ ತನ್ನಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಸ್ಟೂಲ್ ಆದರೂ ಸರಿ. ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ) ಕೂತವರ ಕಿವಿಯ ಮಟ್ಟಕ್ಕಿರಲಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಮೂಲೆಯಿಂದ ದೂರ. ಎರಡು ಸ್ಪೀಕರ್‌ಗಳ ನಡುವಿನ ದೂರವೂ ಅವುಗಳಿಂದ ಸೋಫಾಕ್ಕೆ ಇರುವ ದೂರವೂ ಹತ್ತಿರಹತ್ತಿರ ಒಂದೇ ಇರಲಿ.

ಸರಿ ಆಯಿತೋ ಇಲ್ಲವೋ ನೋಡಲು ಹೊಸ ಹಾಡು ಬೇಡ. ಪಿ.ಬಿ. ಶ್ರೀನಿವಾಸ್ ಅವರ 60ರ ದಶಕದ ಯಾವುದಾದರೂ ಚಿತ್ರಗೀತೆ ಹಾಕಿ. ಆ ಕಾಲದ ಹಾಡುಗಳು ಮೋನೋ. ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುವುದರಿಂದ ದನಿ ಎರಡರ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಬರಬೇಕು. ಸೋಫಾದ ನಡುವೆ ಕೂತು ಕೇಳಿ. ಎಡಕ್ಕೋ ಬಲಕ್ಕೋ ವಾಲಿದರೆ ಆ ಕಡೆಯ ಸ್ಪೀಕರನ್ನು ನಾಲ್ಕು ಬೆರಳು ಹಿಂದೆ ಸರಿಸಿ.

ಸಾಗರದಾಕೆ

ಬಲಗಡೆಯದ್ದು ಒಳಗೆ ಹೋಯಿತು! ಎಲೆಕ್ಟ್ರಿಷಿಯನ್ ಎರಡಕ್ಕೂ ಒಂದೇ ಬಣ್ಣದ ಜೋಡಿ ವೈರ್ ಹಾಕಿದ್ದರು, ಗುರುತು ಇರಲಿಲ್ಲ. ಬದಲಾಯಿಸಿ, ಎರಡು ಸ್ಟೂಲಿನ ಮೇಲೆ ಇಟ್ಟು ಹಳೆ ಹಾಡು ಹಾಕಿದೆವು. ಟಿವಿ ಕೆಳಗಿನ ಖಾಲಿ ಗೋಡೆಯಿಂದ ದನಿ ಬಂತು. ಮಾವ ಎದ್ದು ಹೋಗಿ ಅಲ್ಲಿ ಮೂರನೇ ಸ್ಪೀಕರ್ ಇದೆಯಾ ಅಂತ ನೋಡಿ ಬಂದರು. ಟಿವಿ ವಾರ್ತೆ ಮೊದಲಿಗಿಂತ ಕಡಿಮೆ ವಾಲ್ಯೂಮಿನಲ್ಲಿ ತಿಳಿಯುತ್ತಿದೆ. ಸೋಫಾ ಹಿಂದೆ ಗಾದಿ ನಿಲ್ಲಿಸುವುದು ಈ ವಾರದ ಕೆಲಸ.

ಕೊನೆಯ ಪ್ರಶ್ನೆ. ಉಳಿದ ಆರು ಸಾವಿರಕ್ಕೆ ಹಳೆ ಸೆಟ್ಟಿನ ವೂಫರನ್ನು ಹೇಗಾದರೂ ಇದಕ್ಕೆ ಸೇರಿಸಬಹುದಾ?

ಜಯನಗರವಾಸಿ

ಅದು ಬೇಡ. ಆ ವೂಫರ್ 150 ಹರ್ಟ್ಸ್ ಸುತ್ತಮುತ್ತ ಕೆಲಸ ಮಾಡಲು ಮಾಡಿದ್ದು. ಸೇರಿಸಿದರೆ ಮತ್ತೆ ಕಂಠದೊಳಗೆ ಕೈ ಹಾಕುತ್ತದೆ. ಆ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್ ಮಾಡಿಸಿ, ನಿಮ್ಮೂರಿನ ಬಡಗಿಯೇ ಮಾಡಿಕೊಡುತ್ತಾರೆ. ಎತ್ತರವನ್ನು ಮಾವ ಕೂತಾಗ ಅವರ ಕಿವಿಗೆ ಟೇಪ್ ಹಿಡಿದು ಅಳೆಯಿರಿ. ಅದರಲ್ಲಿ ಸ್ಪೀಕರಿನ ಬುಡದಿಂದ ಟ್ವೀಟರಿಗಿರುವ ಎತ್ತರ ಕಳೆದರೆ ಸ್ಟ್ಯಾಂಡಿನ ಅಳತೆ ಸಿಗುತ್ತದೆ.

ಮುಂದೆ ಯಾವತ್ತಾದರೂ ಸಬ್‌ವೂಫರ್ ಕೊಂಡರೆ, ಅದನ್ನು ಮೊದಲು ಸೋಫಾದ ಮೇಲೆ, ಮಾವ ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಹಾಡು ಹಾಕಿ, ಗೋಡೆಯ ಅಂಚಿನಲ್ಲಿ ನೆಲದ ಮಟ್ಟಕ್ಕೆ ಬಗ್ಗಿ ನಡೆಯುತ್ತಾ ಕೇಳಿ. ಎಲ್ಲಿ ಬೇಸ್ ಮೊಳಗದೆ ಸಮವಾಗಿ ಕೇಳಿಸುತ್ತದೋ ಅಲ್ಲೇ ಅದನ್ನು ಇಟ್ಟು, 80 ಹರ್ಟ್ಸ್‌ಗೆ ಹೊಂದಿಸಿ.